ಮಾರ್ಕೆಟ್‌ಗೆ ಹೋಗುವಾಗ ಮಕ್ಕಳನ್ನೂ ಕರ್ಕೊಂಡು ಹೋಗಿ

ಮೆಲ್ಬರ್ನ್‌ಗೆ ಹೊಸದಾಗಿ ಬಂದಿದ್ದೀರಾ? ಟ್ಯಾಕ್ಸ್ ಫೈಲ್ ನಂಬರು, ಬ್ಯಾಂಕ್ ಖಾತೆ, ಟ್ರಾಮು-ರೈಲಿಗೆ ಬಳಸುವ ಮೈಕಿ ಕಾರ್ಡು ಮೊದಲ ವಾರದಲ್ಲೇ ಮಾಡಿಸಿಬಿಡಿ. ನಾನು ಹೇಳಬೇಕಾಗಿರುವುದು ತರಕಾರಿ ವಿಷಯ.

ಎಲಿಜಬೆತ್ ಸ್ಟ್ರೀಟ್‌ನ ಉತ್ತರದ ಕಡೆಗೆ ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ ಇದೆ. 1878ರಿಂದ ನಡೆಯುತ್ತಿದೆ. ಉಚಿತ ಟ್ರಾಮ್ ವಲಯದೊಳಗೇ ಬರುತ್ತದೆ. ಸೋಮವಾರ, ಬುಧವಾರ ಹಗಲು ರಜೆ. ನಾವು ಮೊದಲ ಸಲ ಹೋಗಿದ್ದೇ ಸೋಮವಾರ. ಖಾಲಿ ಶೆಡ್ಡುಗಳನ್ನು ನೋಡಿ ವಾಪಸ್ ಬಂದೆವು.

ಮುಂದಿನ ತಪ್ಪು ಇನ್ನೂ ಚುಚ್ಚುತ್ತದೆ. ಅಭ್ಯಾಸಬಲ, ಬೆಂಡೆಕಾಯಿ ಎಳೆಯದೋ ಬಲಿತದ್ದೋ ಅಂತ ತುದಿ ಮುರಿದು ನೋಡಿದೆ. ಅಂಗಡಿಯ ಅಜ್ಜ ಬೈಯಲಿಲ್ಲ. ನಾನು ಮುರಿದ ಆರೂ ಕಾಯಿಗಳನ್ನು ಹೆಕ್ಕಿ, ತೂಗಿ, ಕೈಗಿಟ್ಟರು. ಕೇಳಿದರೆ ಒಳ್ಳೆಯದನ್ನು ಅವರೇ ಆರಿಸಿ ಕೊಡುತ್ತಾರೆ. ಕೊತ್ತಂಬರಿ ಬೇರು ಸಮೇತ ಸಿಗುತ್ತದೆ, ಬೇರು ಎಸೆಯಬೇಡಿ, ಸಾರಿಗೆ ಹಾಕಿ.

ಮುಚ್ಚುವ ಹೊತ್ತಿಗೆ ಬೆಲೆ ಇಳಿಸಿ ಕೂಗುತ್ತಾರೆ. ಒಂದು ವರ್ಷ ನಾವು ಬರೀ ಆ ಹೊತ್ತಿಗೇ ಓಡಿದೆವು. ಟೊಮೆಟೊ ಪೆಟ್ಟಿಗೆಗಟ್ಟಲೆ ತಂದು ಅರ್ಧ ಕೊಳೆಸಿದೆವು. ಆ ಗಡಿಬಿಡಿಯಲ್ಲಿ ಒಬ್ಬರ ಪರಿಚಯವೂ ಆಗಲಿಲ್ಲ. ಬೆಳಿಗ್ಗೆ ಹೋಗಿ, ಪ್ರತಿ ವಾರ ಒಂದೇ ಅಂಗಡಿಗೆ ಹೋಗಿ. ಇಟಲಿ, ಗ್ರೀಸ್, ವಿಯೆಟ್ನಾಂ, ಚೀನಾ ಕಡೆಯಿಂದ ಬಂದ ಎಷ್ಟೋ ಮನೆತನಗಳು ಇಲ್ಲಿ ಬದುಕು ಕಟ್ಟಿಕೊಂಡಿವೆ. ಅವರೂ ಒಂದು ಕಾಲಕ್ಕೆ ನಮ್ಮ ಹಾಗೇ ಹೊಸಬರು. ಮಾರ್ಕೆಟ್ಟಿನ ಒಂದು ಭಾಗದಲ್ಲಿ ಮೊದಲು ನಗರದ ಹಳೇ ಸ್ಮಶಾನ ಇತ್ತು, ಸುಮಾರು 9,000 ಜನರ ಅಸ್ಥಿ ಇನ್ನೂ ಅಲ್ಲೇ ಇದೆ. ಎಲ್ಲೆಲ್ಲಿಂದಲೋ ಬಂದು ಇದೇ ಮಣ್ಣಿಗೆ ಸೇರಿದವರು. ಅದು ಗೊತ್ತಾದ ಮೇಲೆ ಅಲ್ಲಿ ನಡೆಯುವಾಗ ನನ್ನ ಕಾಲು ತಾನಾಗೇ ನಿಧಾನವಾಗುತ್ತದೆ.

ಆದರೆ ನನಗೆ ನಿಜವಾಗಿ ನೋವಾಗುವುದು ಮಗನ ವಿಷಯಕ್ಕೆ. ಜನಜಂಗುಳಿ, ಯಾಕೆ ಸುಮ್ನೆ ಅಂತ ಅವನನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೆವು. ಮಗಳು ಹುಟ್ಟಿದ ಮೇಲೆ ಬಿಟ್ಟು ಹೋಗಲು ಯಾರೂ ಇರಲಿಲ್ಲ, ಹಾಗಾಗಿ ಅವಳು ಸೊಂಟದ ಮೇಲೆ ಕೂತೇ ಬೆಳೆದಳು. ಮೂಲಂಗಿ, ಸಬ್ಬಸಿಗೆ, ಬದನೆಕಾಯಿ ಅಂತ ಬೆರಳಿಟ್ಟು ಕಲಿತಳು. ಮಗನಿಗೆ ಇವತ್ತಿಗೂ ಸಬ್ಬಸಿಗೆ ಗೊತ್ತಿಲ್ಲ. ಮನೆಯಲ್ಲಿ ಎಷ್ಟು ಹೇಳಿಕೊಟ್ಟರೂ ಆ ಹೆಸರುಗಳು ಅವನಿಗೆ ಅಂಟಲಿಲ್ಲ.

ಕಳೆದ ಶನಿವಾರ ಚೀಲ ಹೊರಲು ಅವನೂ ಬಂದ. ಈಗ ನನಗಿಂತ ಎತ್ತರ. ದಪ್ಪ ಬಿಳಿ ದಂಟಿನ ಸಿಲ್ವರ್‌ಬೀಟ್ ಕಟ್ಟನ್ನು ಎತ್ತಿ ಹಿಡಿದು, 'ಅಮ್ಮ, ಇದಕ್ಕೆ ಕನ್ನಡದಲ್ಲಿ ಏನಂತಾರೆ?' ಅಂದ. ಅದರಲ್ಲಿ ನಾನು ಎಷ್ಟೋ ವರ್ಷದಿಂದ ಬಸ್ಸಾರು ಮಾಡುತ್ತಿದ್ದೇನೆ, ಹೆಸರು ಮಾತ್ರ ನನಗೂ ಗೊತ್ತಿರಲಿಲ್ಲ. ತಂಗಿ ಹೇಳಿದಳು, 'ಬೆಳ್ಳಿ ಸೊಪ್ಪು.' ಅವನು ಎರಡು ಸಲ ಹೇಳಿಕೊಂಡು ಚೀಲಕ್ಕೆ ಹಾಕಿದ.