ಉಳಿಗೆ ಹದ ಹಾಕುವಾಗ ಅಯಸ್ಕಾಂತ ಹತ್ತಿರ ಇರಲಿ

ಲಾರಿಯ ಕಮಾನು ಪಟ್ಟಿಯಿಂದ ಮನೆಯಲ್ಲೇ ಉಳಿ ಮಾಡುವವರಿಗೆ ಒಂದು ಮಾತು. ಹದ ಹಾಕೋದು ಅಂದ್ರೆ ಉಕ್ಕನ್ನು ಕಾಯಿಸಿ ಅದ್ದಿ ಗಟ್ಟಿ ಮಾಡೋದು. ಎಷ್ಟು ಕಾದಿದೆ ಅಂತ ತಿಳಿಯಲು ನಮ್ಮ ಕಲಬುರಗಿ ಬಿಸಿಲಲ್ಲಿ ನಿಂತು ಉಕ್ಕಿನ ಕೆಂಪು ನೋಡಬೇಡಿ. ಸರಿಯಾಗಿ ಕಾದಿದ್ದರೂ ಮಂಕಾಗಿ ಕಾಣುತ್ತದೆ, ಇನ್ನಷ್ಟು ಗಾಳಿ ಊದಿ ಕೆಡಿಸುತ್ತೇವೆ. ಕಮ್ಮಾರರು ಕುಲುಮೆಯನ್ನು ನೆರಳಲ್ಲಿ ಇಡೋದು ಸುಮ್ನೆ ಅಲ್ಲ.

ಪುಸ್ತಕದ ಲೆಕ್ಕವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಹಳೇ ಸ್ಪೀಕರಿನದನ್ನು ತಂತಿಗೆ ಕಟ್ಟಿ ತಾಗಿಸಿ ನೋಡಿ. ಅಂಟದಿದ್ದರೆ ಇನ್ನೊಂಚೂರು ಕಾಯಿಸಿ ಎಣ್ಣೆಯಲ್ಲಿ ಅದ್ದಿ. ನೀರು ಬೇಡ, ಬಿರುಕು ಬಿಡಬಹುದು. ಎಣ್ಣೆ ಹೊತ್ತಿಕೊಂಡರೆ ಮುಚ್ಚಲು ತಗಡು ಪಕ್ಕದಲ್ಲೇ ಇರಲಿ.

ಅದ್ದಿದ ಉಕ್ಕು ಗಟ್ಟಿಯಾದರೂ ಪೆಡಸಾಗಿರುತ್ತದೆ. ಅದಕ್ಕೇ ಆಮೇಲೆ ಉಜ್ಜಿ ಹೊಳಪು ತಂದು, ಹಿಂಭಾಗದಿಂದ ನಿಧಾನವಾಗಿ ಕಾಯಿಸಿ. ಉಳಿಯ ಬಾಯಿಗೆ (ಹರಿತದ ಅಂಚಿಗೆ) ಒಣ ಕಣಿಕೆಯಂಥ ತಿಳಿ ಹಳದಿ ಬಣ್ಣ ಬಂದರೆ ಸುಮಾರು 230 ಡಿಗ್ರಿ, ಮರದ ಉಳಿಗೆ ಅಷ್ಟು ಸಾಕು. ಕಬ್ಬಿಣ ಕಡಿಯುವ ಚಾಣಕ್ಕಾದರೆ ನೇರಳೆ ಬರುವವರೆಗೆ ಬಿಡಿ.