ವಿಮೆ ಏಜೆಂಟರ ಮೊದಲ ವರ್ಷ: ತಿಪಟೂರು ಸೀಮೆಯ ಲೆಕ್ಕಾಚಾರ

ವಿಮೆ ಏಜೆಂಟ್ ಆಗಲು ಬರೆಯಬೇಕಾದ ಐಸಿ-38 ಪರೀಕ್ಷೆ ಪಾಸಾಗುವುದು ದೊಡ್ಡ ಮಾತಲ್ಲ. 25 ಗಂಟೆ ತರಬೇತಿ, 50 ಪ್ರಶ್ನೆ, ಶೇ 35 ಅಂಕ ಬಂದರೆ ಆಯಿತು. ಕಷ್ಟ ಇರುವುದು ಪಾಲಿಸಿ ಮಾಡಿಸಲು ಕಂಪನಿ ಕೊಡುವ ಏಜೆನ್ಸಿ ಕೋಡ್ ಕೈಗೆ ಬಂದ ಮೇಲೆ. ಸಂಬಳ ಇಲ್ಲ, ಬಾಸ್ ಇಲ್ಲ, ಪೆಟ್ರೋಲ್ ನಿಮ್ಮದೇ. ನಮ್ಮ ಬ್ರಾಂಚಿಗೆ ಹೊಸದಾಗಿ ಬರುವ ಹೆಣ್ಣುಮಕ್ಕಳು, ಹುಡುಗರು "ಮೊದಲ ವರ್ಷ ಹೇಗೆ ನಿಭಾಯಿಸೋದು?" ಅಂತ ನನ್ನನ್ನು ಕೇಳುವುದಕ್ಕೆ ಉತ್ತರವಾಗಿ ಇದನ್ನು ಬರೆದಿಡುತ್ತಿದ್ದೇನೆ.

ಏಜೆಂಟರನ್ನು ಸೇರಿಸಿಕೊಂಡು ತಯಾರು ಮಾಡುವ ಡೆವಲಪ್‌ಮೆಂಟ್ ಆಫೀಸರ್ ಮೊದಲು ಹೇಳುವುದೇ "ಗೊತ್ತಿರೋ ನೂರು ಜನರ ಹೆಸರು ಬರೀರಿ" ಅಂತ. ಬರೆಯಿರಿ. ಆದರೆ ಪ್ರತಿ ಹೆಸರಿನ ಮುಂದೆ ಇನ್ನೊಂದು ಕಾಲಂ ಹಾಕಿ: ಈ ಮನೆಗೆ ದುಡ್ಡು ಯಾವಾಗ ಬರುತ್ತದೆ? ಆ ಕಾಲಂ ತುಂಬದೆ ಯಾರ ಮನೆ ಬಾಗಿಲಿಗೂ ಹೋಗಬೇಡಿ.

ನಮ್ಮ ಕಡೆ ತೆಂಗಿನವರದೇ ಹೆಚ್ಚು. ಕಾಯಿ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿ ಆಗಲು ಹತ್ತಿರ ಹತ್ತಿರ ವರ್ಷ ಬೇಕು. ಸುಲಿದು, ಚಿಪ್ಪು ಒಡೆದು, ಎಪಿಎಂಸಿ ಹರಾಜಿಗೆ ಹೋದಾಗಲೇ ಕೈಗೆ ಕಾಸು. ಇಂಥ ಮನೆಗೆ ತಿಂಗಳ ಕಂತು ಹಾಕಿಸಿದರೆ ಯುಗಾದಿಯ ಹೊತ್ತಿಗೆ ಬ್ಯಾಂಕಿನಿಂದ ಬೌನ್ಸ್ ಮೆಸೇಜ್ ಬಂದಿರುತ್ತದೆ. ಇವರಿಗೆ ವಾರ್ಷಿಕ ಕಂತೇ ಸರಿ. ಅದೂ ಅವರು ಕೊಬ್ಬರಿ ಮಾರುವ ತಿಂಗಳಲ್ಲೇ ಬೀಳುವ ಹಾಗೆ ಪಾಲಿಸಿ ಶುರುವಾಗಲಿ. ಅದಕ್ಕಾಗಿ ನಾಲ್ಕು ತಿಂಗಳು ಕಾಯಬೇಕಾದರೂ ಕಾಯಿರಿ. ಡೇರಿಗೆ ಹಾಲು ಹಾಕುವ ಮನೆಗೆ ಬಟವಾಡೆ ತಪ್ಪದೆ ಬರುತ್ತದೆ, ಅಲ್ಲಿ ಸಣ್ಣ ಮೊತ್ತದ ತಿಂಗಳ ಕಂತು ನಡೆಯುತ್ತದೆ. ಗಾರ್ಮೆಂಟ್ಸಿಗೆ ಹೋಗುವವರಿಗೂ ಅಷ್ಟೆ, ಸಂಬಳದ ಮಾರನೇ ದಿನವೇ ಖಾತೆಯಿಂದ ಕಟ್ ಆಗುವಂತೆ ಬರೆಸಿ. ಕಂತಿನ ದಿನ ದಾಟಿದರೆ ತಿಂಗಳ ಕಂತಿಗೆ 15 ದಿನ, ಉಳಿದವಕ್ಕೆ 30 ದಿನ ಗ್ರೇಸ್, ಅಂದರೆ ಪಾಲಿಸಿ ನಿಲ್ಲದ ಹಾಗೆ ಕಟ್ಟಲು ಹೆಚ್ಚಿನ ಅವಕಾಶ ಇರುತ್ತದೆ. ಆ ಗಡುವು ಅವರಿಗೆ ನೆನಪಿರುವುದಿಲ್ಲ, ಡೈರಿಯಲ್ಲಿ ನೀವೇ ಗುರುತು ಹಾಕಿಕೊಳ್ಳಬೇಕು.

ಇಷ್ಟೊಂದು ಯಾಕೆ ಹೇಳುತ್ತಿದ್ದೇನೆಂದರೆ, ಮೊದಲ ವರ್ಷದ ಕಮಿಷನ್ ಕಣ್ಣು ಕೋರೈಸುವಷ್ಟಿರುತ್ತದೆ. ಆಮೇಲಿನದು ಸಣ್ಣದು, ಆದರೆ ಪಾಲಿಸಿ ಬದುಕಿರುವಷ್ಟು ವರ್ಷ ಬರುತ್ತಲೇ ಇರುತ್ತದೆ. ನನ್ನ ಮನೆ ನಡೆಯುತ್ತಿರುವುದು ಈ ರಿನ್ಯೂವಲ್ ದುಡ್ಡಿನಲ್ಲಿ. 2024ರ ಡಿಸೆಂಬರ್‌ನಲ್ಲಿ ಎಲ್‌ಐಸಿ ಶುರುಮಾಡಿದ, ಹೆಂಗಸರನ್ನು ಏಜೆಂಟರಾಗಿ ತಯಾರು ಮಾಡುವ ಬಿಮಾ ಸಖಿ ಯೋಜನೆಗೆ ಸೇರಿದ ಹೆಣ್ಣುಮಕ್ಕಳು ಇದನ್ನು ಇನ್ನೂ ಚೆನ್ನಾಗಿ ತಿಳಿದಿರಬೇಕು. ಅದರಲ್ಲಿ ಮೊದಲ ವರ್ಷ ತಿಂಗಳಿಗೆ 7,000 ರೂಪಾಯಿ ಸ್ಟೈಪೆಂಡ್, ಎರಡನೇ ವರ್ಷ 6,000, ಮೂರನೇ ವರ್ಷ 5,000. ಎರಡನೇ ವರ್ಷದ್ದು ಸಿಗಬೇಕಾದರೆ ಮೊದಲ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ಶೇ 65ರಷ್ಟಾದರೂ ಚಾಲ್ತಿಯಲ್ಲಿರಬೇಕು. ಸೋದರಮಾವ, ಚಿಕ್ಕಮ್ಮ ಅಂತ ದಾಕ್ಷಿಣ್ಯಕ್ಕೆ ಸಹಿ ಹಾಕಿದವರೆಲ್ಲ ಎರಡನೇ ಕಂತಿಗೆ ಕೈ ಎತ್ತುತ್ತಾರೆ. ನೆಂಟರ ಮನೆಗೆ ಹೋಗಿ, ಬೇಡ ಅನ್ನುವುದಿಲ್ಲ, ಆದರೆ ಎಲ್ಲರ ಹಾಗೆ ಅವರಿಗೂ ಆ ಕಾಲಂ ತುಂಬಿ.

ಇನ್ನು ಪ್ರೊಪೋಸಲ್ ಫಾರಂ, ಅಂದರೆ ಪಾಲಿಸಿಗೆ ಹಾಕುವ ಅರ್ಜಿ. ಇಲ್ಲಿ ಅವಸರ ಮಾಡಲೇಬೇಡಿ. ಹೆಸರಿನಿಂದಲೇ ತಕರಾರು ಶುರು: ಆಧಾರ್‌ನಲ್ಲಿ ಬರೀ ಇನಿಷಿಯಲ್, ಪ್ಯಾನ್‌ನಲ್ಲಿ ಅದರ ಪೂರ್ತಿ ರೂಪ, ಮಾರ್ಕ್ಸ್ ಕಾರ್ಡಿನಲ್ಲಿ ಊರಿನ ಹೆಸರೂ ಸೇರಿರುತ್ತದೆ. ಈಗಲೇ ಸರಿಮಾಡಿಸಿ. ಮುಂದೆ ಕ್ಲೇಮ್ ಹೊತ್ತಿನಲ್ಲಿ ಪಾಲಿಸಿದಾರನ ಹೆಂಡತಿ ಅಫಿಡವಿಟ್ ಹಿಡಿದು ಅಲೆಯುವುದನ್ನು ನೋಡಲಾಗುವುದಿಲ್ಲ.

ಆರೋಗ್ಯದ ಪ್ರಶ್ನೆಗಳನ್ನು ಓದಿ ಹೇಳಿದರೆ ಸಾಲದು. "ಕಾಯಿಲೆ ಏನಾದ್ರೂ ಇದೆಯಾ ಅಣ್ಣ?" ಅಂದರೆ "ಕಲ್ಲುಗುಂಡಿನ ಹಾಗಿದ್ದೀನಿ ಕಣಮ್ಮ" ಅನ್ನುತ್ತಾರೆ. ನಾನು ಕೇಳುವುದೇ ಬೇರೆ ಥರ: "ಬೆಳಗ್ಗೆ ತಿಂಡಿಗೆ ಮುಂಚೆ ಮಾತ್ರೆ ಏನಾದ್ರೂ ತಗೋತೀರಾ?" ಆಗ ಒಳಗಿನಿಂದ ಹೆಂಡತಿಯ ದನಿ ಬರುತ್ತದೆ, "ಶುಗರ್‌ದು ಒಂದು, ಬಿಪಿದು ಅರ್ಧ." ಗೂಡಿನಲ್ಲಿಟ್ಟ ಮಾತ್ರೆ ಶೀಟು ತರಿಸಿ, ಹೆಸರು ನೋಡಿ ಬರೆದುಕೊಳ್ಳಿ. ಮೆಡಿಕಲ್ ಮಾಡಿಸಬೇಕಾಗಬಹುದು, ಕಂತು ಹೆಚ್ಚಾಗಬಹುದು, ಪಾಲಿಸಿ ಸಿಗದೆಯೂ ಹೋಗಬಹುದು. ಹೋಗಲಿ. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೊದಲ ಮೂರು ವರ್ಷದೊಳಗೆ, ಮುಚ್ಚಿಟ್ಟ ವಿಷಯ ಹಿಡಿದು ಕಂಪನಿ ಪಾಲಿಸಿಯನ್ನೇ ಪ್ರಶ್ನಿಸಬಹುದು. ಆಗ ಜನ ಕಂಪನಿಯ ಹೆಡ್ಡಾಫೀಸಿಗೆ ಹೋಗುವುದಿಲ್ಲ, ನಿಮ್ಮ ಮನೆ ಜಗಲಿಗೇ ಬರುತ್ತಾರೆ.

"ನಿನ್ ಕಮಿಷನ್‌ನಲ್ಲಿ ನಮಗೆಷ್ಟು ಬಿಡ್ತೀಯ?" ಈ ಪ್ರಶ್ನೆ ಬಂದೇ ಬರುತ್ತದೆ, ಓದಿದವರ ಮನೆಯಲ್ಲಂತೂ ಮೊದಲೇ. ಅದೇ ಕಾಯ್ದೆಯ 41ನೇ ಸೆಕ್ಷನ್ ರಿಯಾಯಿತಿ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸುತ್ತದೆ, 10 ಲಕ್ಷದವರೆಗೆ ದಂಡ ಇದೆ. ಜಗಳ ಬೇಡ, ಫಾರಂನಲ್ಲೇ ಅದು ಅಚ್ಚಾಗಿರುತ್ತದೆ, ಬೆರಳಿಟ್ಟು ತೋರಿಸಿ. ಪಕ್ಕದ ಏಜೆಂಟ್ ಮೊದಲ ಕಂತು ತಾನೇ ಕಟ್ಟುತ್ತಾನೆ ಅಂದರೆ ಕಟ್ಟಲಿ ಬಿಡಿ. ಪುಕ್ಕಟೆ ಬಂದ ಪಾಲಿಸಿಗೆ ಎರಡನೇ ಕಂತು ಕಟ್ಟುವವರನ್ನು ನಾನಂತೂ ಕಂಡಿಲ್ಲ.

ಕಂತಿನ ದುಡ್ಡನ್ನು ಕೈಯಲ್ಲಿ ಈಸಿಕೊಳ್ಳಬೇಡಿ. ಅವರ ಫೋನಿನಿಂದಲೇ ಕಟ್ಟಿಸಿ, ಇಲ್ಲವೇ ಬ್ರಾಂಚಿನ ಕೌಂಟರ್‌ಗೆ ಕಳಿಸಿ. ಪಾಲಿಸಿ ಬಾಂಡ್ ಬಂದ ದಿನ ಮನೆಗೆ ಹೋಗಿ ನಾಮಿನಿ ಹೆಸರು ಓದಿ ಹೇಳಿ. ಬೇಡವೆನಿಸಿದರೆ 30 ದಿನದೊಳಗೆ ವಾಪಸ್ ಮಾಡಬಹುದು ಅನ್ನುವುದನ್ನೂ ಹೇಳಿಬಿಡಿ. ಹೇಳಿದರೆ ವಾಪಸ್ ಮಾಡಿಬಿಡುತ್ತಾರೆಂಬ ಭಯ ಹೊಸಬರಿಗೆ ಇದ್ದೇ ಇರುತ್ತದೆ. ಅರ್ಥಮಾಡಿಕೊಂಡು ಸಹಿ ಹಾಕಿದವರು ಮಾಡುವುದಿಲ್ಲ.

ವರ್ಷದ ಲೆಕ್ಕ ಮುಗಿಯುವ ಮಾರ್ಚ್ ಕ್ಲೋಸಿಂಗ್‌ನಲ್ಲಿ ಪಾಲಿಸಿ ತನ್ನಿ ಅಂತ ಬ್ರಾಂಚಿನವರೆಲ್ಲ ತಲೆ ಮೇಲೆ ಕೂರುತ್ತಾರೆ. ಆ ತಿಂಗಳು ಹೊಸ ಮನೆ ಹುಡುಕಬೇಡಿ, ಕಾಲಂನಲ್ಲಿ ಮಾರ್ಚ್ ಅಂತ ಬರೆದವರ ಹತ್ತಿರ ಮಾತ್ರ ಹೋಗಿ. ಕಮಿಷನ್‌ನಲ್ಲಿ ಶೇ 2 ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದರೆ, ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವರು ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಗಡುವಿನ ಕೊನೆಯವರೆಗೂ ಕಾಯಬೇಡಿ, ಆಡಿಟರ್ ಆಫೀಸಿನಲ್ಲಿ ಆಗ ನಿಲ್ಲಲೂ ಜಾಗ ಇರುವುದಿಲ್ಲ.