ನಾಗಂದಿಗೆಯ ಲೆಕ್ಕ

ಚಿಕ್ಕ ಮನೆಯಲ್ಲಿ ಹೊಸದಾಗಿ ಸಂಸಾರ ಹೂಡಿದವರು ಜಾಗ ಸಾಲದೆಂದು ಕೊರಗುವಾಗ ಅಳೆಯುವುದು ನೆಲವನ್ನು ಮಾತ್ರ. ಸುತ್ತಲಿನ ಗೋಡೆ ಅವರ ಲೆಕ್ಕಕ್ಕೇ ಬರುವುದಿಲ್ಲ. ಹಿಂದಿನ ಮನೆಗಳಲ್ಲಿ ಬಾಗಿಲಿರುವ ಕಪಾಟುಗಳೇ ಕಡಿಮೆ. ದಪ್ಪ ಮಣ್ಣಿನ ಗೋಡೆಯಲ್ಲಿ ದೀಪಕ್ಕೊಂದು ಗೂಡು, ಪಾತ್ರೆಗಳಿಗೆ ನಾಗಂದಿಗೆ ಎಂಬ ಗೋಡೆಯ ತೆರೆದ ಹಲಗೆ, ಬೆಕ್ಕಿಗೆ ಎಟುಕದಂತೆ ಹಾಲು ಮೊಸರಿಡಲು ತೊಲೆಯಿಂದ ಇಳಿಬಿಟ್ಟ ನೆಲುವು, ಮಡಿಬಟ್ಟೆಗೆ ಮೇಲೆ ತೂಗುಹಾಕಿದ ಬಿದಿರಿನ ಗಳ, ಇಷ್ಟರಲ್ಲೇ ದೊಡ್ಡ ಕುಟುಂಬದ ಸಾಮಾನು ಕಣ್ಣೆದುರಿಗೆ ಇರುತ್ತಿತ್ತು.

ನಾಗಂದಿಗೆಯ ಗುಣವಿದ್ದದ್ದು ಅದರ ಕಿರಿದಾದ ಅಗಲದಲ್ಲಿ. ತೆರೆದ ಹಲಗೆಯ ಮೇಲೆ ಡಬ್ಬಿಗಳು ಒಂದೇ ಸಾಲಿನಲ್ಲಿ ನಿಲ್ಲಬೇಕು. ಅದಕ್ಕೆ 8 ಅಂಗುಲ, ಹೆಚ್ಚೆಂದರೆ 10 ಅಂಗುಲ ಸಾಕು. ನಾನು ಆಸೆಗೆ ಬಿದ್ದು ಒಂದೂವರೆ ಅಡಿ ಅಗಲದ ಕಡಪಾ ಕಲ್ಲು ಹಾಕಿಸಿಕೊಂಡೆ. ಯುಗಾದಿಗೆ ತಂದ ಹೆಸರುಬೇಳೆ ಹಿಂದಿನ ಸಾಲಿನಲ್ಲಿ ಅವಿತು, ದೀಪಾವಳಿಗೆ ಮನೆ ತೊಳೆಯುವಾಗ ಹುಳುವಿನ ಸಮೇತ ಹೊರಬಂದಿತು.

ಎತ್ತರದ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ದಿನಕ್ಕೆ ನಾಲ್ಕು ಬಾರಿ ಕೈಹಾಕುವ ಸಾಸಿವೆ, ಕಾಫಿಪುಡಿ, ಉಪ್ಪು, ಲೋಟ, ತಟ್ಟೆ ಇವೆಲ್ಲ ಸೊಂಟದಿಂದ ಕಣ್ಣಿನ ಮಟ್ಟದೊಳಗೆ ಸಿಗಬೇಕು. ಅಕ್ಕಿಯ ಡ್ರಮ್ಮು, ಗ್ರೈಂಡರ್, ದೊಡ್ಡ ಕುಕ್ಕರ್ ಮುಂತಾದ ಭಾರದ ವಸ್ತುಗಳು ಕೆಳಗಿರಲಿ. ನವರಾತ್ರಿಯ ಗೊಂಬೆ, ಹಬ್ಬದ ಹಂಡೆಯಂತಹವು ಮಾತ್ರ ಅಟ್ಟಕ್ಕೆ ಹೋಗಲಿ. ಅರವತ್ತು ದಾಟಿದವರು ಸ್ಟೂಲು ಹತ್ತಿ ಡಬ್ಬಿ ತೆಗೆಯುವಂತಹ ಅಡುಗೆಮನೆ ಎಷ್ಟು ಅಂದವಾಗಿದ್ದರೂ ನನಗೆ ಒಪ್ಪಿಗೆಯಿಲ್ಲ.

ಒಲೆಯ ನೇರ ಮೇಲೆ ತೆರೆದ ಹಲಗೆ ಬೇಡ. ಒಗ್ಗರಣೆಯ ಹೊಗೆಯ ಜಿಡ್ಡು ಡಬ್ಬಿಗಳಿಗೆ ಅಂಟುತ್ತದೆ. ಬಿಸಿಗೂ ಬೆಳಕಿಗೂ ಸಾರಿನಪುಡಿಯ ಘಮ ಹೋಗುತ್ತದೆ. ಗಾಜಿನ ಬಾಟಲಿಗಳ ಸಾಲು ನೋಡಲು ಚೆಂದವೇ ಆದರೂ ಪುಡಿಗಳಿಗೆ ಸ್ಟೀಲಿನ ಡಬ್ಬಿಯೇ ಮೇಲು. ಕರಾವಳಿಯವರು ಹಿತ್ತಾಳೆ ಸಾಮಾನನ್ನು ಹೊರಗೆ ಜೋಡಿಸುವ ಮುನ್ನ ಮಳೆಗಾಲದಲ್ಲಿ ಅವನ್ನು ಹುಣಸೆಹಣ್ಣಿನಲ್ಲಿ ಉಜ್ಜುವವರು ಯಾರೆಂದು ಕೇಳಿಕೊಳ್ಳುವುದು ಒಳ್ಳೆಯದು.

ಹಲಗೆ ಹೊಡೆಸುವಾಗ ಗೋಡೆ ಎಂಥದ್ದೆಂದು ಮೊದಲು ತಿಳಿದುಕೊಳ್ಳಿ. ಈಗಿನ ಹಗುರ ಬ್ಲಾಕಿನ ಗೋಡೆಯಲ್ಲಿ, ಸ್ಕ್ರೂ ಹಿಡಿಯಲೆಂದು ತೂತಿಗೆ ತೂರಿಸುವ ಮಾಮೂಲಿ ಪ್ಲಗ್ ಭಾರ ತಡೆಯದೆ ಜಾರಿಬರುತ್ತದೆ, ಅದಕ್ಕೆಂದೇ ಇರುವ ಪ್ಲಗ್ ಕೇಳಿ ತರಿಸಬೇಕು. ಮುಕ್ಕಾಲು ಅಂಗುಲದ ಪ್ಲೈವುಡ್ಡಿಗೆ ಎರಡು ಅಡಿಗೊಂದು ಬ್ರಾಕೆಟ್ ಕೊಡದಿದ್ದರೆ, ಬೇಳೆ ತುಂಬಿದ ಡಬ್ಬಿಗಳ ಭಾರಕ್ಕೆ ಹಲಗೆ ನಡುವೆ ಬಾಗುತ್ತದೆ. ಸ್ವಿಚ್ ಬೋರ್ಡಿನ ನೇರಕ್ಕೆ, ಮೇಲಾಗಲಿ ಕೆಳಗಾಗಲಿ, ಡ್ರಿಲ್ ಹಾಕಲು ಬಿಡಬಾರದು, ಏಕೆಂದರೆ ಗೋಡೆಯೊಳಗೆ ವೈರಿನ ಪೈಪು ಸಾಮಾನ್ಯವಾಗಿ ಅದೇ ನೇರದಲ್ಲಿ ಹೋಗಿರುತ್ತದೆ.

ಹೇಳದೆ ಬಿಟ್ಟರೆ ಬಡಗಿ ತನ್ನ ಎತ್ತರಕ್ಕೆ ತಕ್ಕಂತೆ ಹಲಗೆ ಕೂರಿಸಿ ಹೋಗುತ್ತಾನೆ. ಆದುದರಿಂದ ಅವನು ಬರುವ ಹಿಂದಿನ ದಿನವೇ, ಮನೆಯಲ್ಲಿ ಅಡುಗೆ ಮಾಡುವವರನ್ನು ಕಟ್ಟೆಯ ಮುಂದೆ ನಿಲ್ಲಿಸಿ, ಹಿಮ್ಮಡಿ ಎತ್ತದೆ ಕೈಚಾಚಲು ಹೇಳಿ, ಬೆರಳು ತಾಗಿದ ಕಡೆಗಿಂತ ನಾಲ್ಕು ಅಂಗುಲ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿಡಿ.